ಪೇಟದ ಮೇಲೆ ಅತ್ತೆಯ ಕೈ

ಗೇಟಿನಲ್ಲಿ ನಿಂತ ಮುದಿ ಸರ್ದಾರ್ಜಿ ಮಾವನವರಿದ್ದಾರೆಯೇ ಎಂದು ಕೇಳಿದರು. ತೀರಿಕೊಂಡು ತಿಂಗಳಾಯಿತು ಎಂದೆ. ಅವರು ಒಳಗೆ ಬಂದು ಅತ್ತೆಯ ಮುಂದೆ ತಲೆ ಬಗ್ಗಿಸಿ ನಿಂತರು, ಹಿರಿಯರ ಕೈ ತಲೆ ಮುಟ್ಟಲೆಂದು ನೀಲಗಿರಿಯ ನಾವು ಬಡಗರು ಬಗ್ಗುವ ಹಾಗೆಯೇ. ಇಬ್ಬರೂ ಸೈನ್ಯದಲ್ಲಿ ಜೊತೆಗಿದ್ದಾಗ ಮಾವನವರೇ ಕಲಿಸಿದ್ದರಂತೆ.

ಮಾವ ಕೂನೂರಿನಿಂದ ಸಂಜೆ ಬಸ್ಸಿಗೆ ವರ್ಕಿ ಬಿಸ್ಕತ್ತಿನ ಪೊಟ್ಟಣ ಹಿಡಿದು ಬರುತ್ತಿದ್ದರು. ಅವರು ಹೋದಮೇಲೆ ಅತ್ತೆ ಮಾತು ಬಿಟ್ಟಿದ್ದರು. ಬಸ್ಸಿನ ಸದ್ದಾದರೆ ಎದ್ದು ಗೇಟಿಗೆ ನಡೆಯುತ್ತಿದ್ದರು. ಅಂದು ಪೇಟದ ಮೇಲೆ ಕೈಯಿಟ್ಟು, "ಬದುಕು ಮಗ. ಬರೋಕೆ ಇಷ್ಟು ಹೊತ್ತು ಮಾಡಿದೆಯಲ್ಲ" ಎಂದರು.

ಅತ್ತೆ ಈಗ ಬಸ್ಸಿಗೆ ಏಳುವುದಿಲ್ಲ. ನನಗೇ ಕೂರಲಾಗದು. ಮಾವ ಇನ್ನೂ ಯಾರ್‍ಯಾರಿಗೆ ನಮ್ಮ ಮನೆಯ ದಾರಿ ಹೇಳಿದ್ದರೋ ಎಂದು, ಸದ್ದಾದಾಗಲೆಲ್ಲ ಗೇಟಿನತ್ತ ನೋಡುತ್ತೇನೆ.