ಕಾಲು ಮಡಚಿ ಕೂತ ಮೇಷ್ಟ್ರು

ಇಪ್ಪತ್ಮೂರು ವರ್ಷ ಊರಿಗೆ ಕಾರು ಓಡಿಸುವುದನ್ನು ಕಲಿಸಿದ ಮನುಷ್ಯನನ್ನು ಊರು ಕರೆಯುತ್ತಿದ್ದುದು ಬರೀ ಮೇಷ್ಟ್ರು ಎಂದು. ಶಾಲೆಯ ಮೇಷ್ಟ್ರುಗಳಿಗೆ ಇದರಿಂದ ಒಳಗೊಳಗೇ ಉರಿ. ಆದರೆ ಮಾಡುವುದೇನು, ಅವರಲ್ಲೂ ನಾಲ್ಕು ಜನ ಇವರ ಹತ್ತಿರವೇ ಕಲಿತವರು, ಕ್ಲಚ್ ಬಿಡುವ ರೀತಿಗೆ ಬೈಸಿಕೊಂಡವರು.

ಬಸ್ ನಿಲ್ದಾಣದ ಹಿಂದಿನ ಒಂದು ಕೋಣೆ, ಗೋಡೆಯ ಮೇಲೆ ರಸ್ತೆ ಚಿಹ್ನೆಗಳ ಪಟ, ಒಂದು ಕಾಲು ಕುಂಟುವ ಬೆಂಚು, ಹೊರಗೊಂದು ಬಿಳಿ ಕಾರು. ಇಷ್ಟೇ ಅವರ ಸ್ಕೂಲು. ಆ ಕಾರಿನಲ್ಲಿ ಮೇಷ್ಟ್ರು ಕೂರುವ ಕಡೆಯೂ ಒಂದು ಕ್ಲಚ್, ಒಂದು ಬ್ರೇಕ್ ಇದ್ದವು. ಕಲಿಯುವವರು ಎಡವಟ್ಟು ಮಾಡಿದರೆ ಅವರು ತಮ್ಮ ಕಡೆಯ ಬ್ರೇಕ್ ಒತ್ತಬೇಕು. ಬಾಯಿ ಎಷ್ಟೇ ಹರಟುತ್ತಿದ್ದರೂ ಕಾಲು ಮಾತ್ರ ಕಾವಲು ಕಾಯುತ್ತಿತ್ತು.

ಕೊನೆಯ ದಿನ ಒಂದನ್ನು ಬಿಟ್ಟು. ಅವತ್ತು ಮೇಷ್ಟ್ರು ಚಪ್ಪಲಿ ಕಳಚಿ, ಎರಡೂ ಕಾಲನ್ನು ಸೀಟಿನ ಮೇಲೆ ಮಡಚಿಕೊಂಡು, ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದರು. "ನನ್ನ ಕಾಲಿಗೆ ಇವತ್ತು ರಜೆ. ಇನ್ನು ನೀವಾಯ್ತು, ನಿಮ್ಮ ರಸ್ತೆಯಾಯ್ತು" ಎನ್ನುತ್ತಿದ್ದರು. ಹೆದರಿ ಬೆವರುತ್ತಿದ್ದವರು ಆ ಮಾತಿಗೆ ಬೆನ್ನು ನೆಟ್ಟಗೆ ಮಾಡಿ ಓಡಿಸಿಬಿಡುತ್ತಿದ್ದರು. ಲೈಸೆನ್ಸ್ ಬಂದದ್ದನ್ನು ಯಾರೂ ಹೇಳಿಕೊಳ್ಳುತ್ತಿರಲಿಲ್ಲ; "ಮೇಷ್ಟ್ರು ನನಗೆ ಕಾಲು ಮಡಚಿದ್ರು" ಎಂದು ಬೀಗುತ್ತಿದ್ದರು.

ಅದು ತಪ್ಪು, ಶುದ್ಧ ತಪ್ಪು. ಸಾವಿರ ಸಲ ಏನೂ ಆಗಲಿಲ್ಲ ಎಂದರೆ ತಪ್ಪು ಸರಿಯಾಗುವುದಿಲ್ಲ, ಅದಕ್ಕೆ ಧೈರ್ಯ ಬರುತ್ತದೆ ಅಷ್ಟೆ. ಇದನ್ನು ಈಗ ಹೇಳುವುದು ಸುಲಭ. ಆಗ ಊರಿನಲ್ಲಿ ಯಾರೂ ಹೇಳಲಿಲ್ಲ, ಎಲ್ಲರಿಗೂ ಅದು ಇಷ್ಟವಾಗಿತ್ತು.

ಒಂದು ಬೆಳಿಗ್ಗೆ ಹತ್ತು ಗಂಟೆಗೆ ನರ್ಸಮ್ಮನ ಕೊನೆಯ ಪಾಠ. ಆಸ್ಪತ್ರೆಯ ಪರವಾಗಿ ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರಿಗೆ ಇಂಜೆಕ್ಷನ್ ಕೊಟ್ಟು, ಗಾಯ ತೊಳೆದು ಬರುವುದು ಆಕೆಯ ಕೆಲಸ. ನಲವತ್ಮೂರರ ವಯಸ್ಸಿನಲ್ಲಿ, ನಡೆದು ನಡೆದು ಸಾಕಾಗಿ, ಕಾರು ಕಲಿಯಲು ಬಂದಿದ್ದಳು. ಗಡಿಯಾರ ರಿಪೇರಿ ಅಂಗಡಿಯ ತಿರುವಿನಲ್ಲಿ ಕಾರು ಸ್ವಲ್ಪ ಅಂಚಿಗೆ ಹೋಯಿತು. ಬ್ರೇಕ್ ಎಂದು ಆಕೆ ಒತ್ತಿದ್ದು ಆಕ್ಸಿಲರೇಟರ್. ಮೇಷ್ಟ್ರು ಕಾಲು ಇಳಿಸಲು ಹೋದರು, ಮಂಡಿ ಡ್ಯಾಶ್‌ಬೋರ್ಡಿನ ಅಡಿಗೆ ಸಿಕ್ಕಿಕೊಂಡಿತು. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ರಸ್ತೆಯಂಚಿನಲ್ಲಿದ್ದ, ಆ ಗಡಿಯಾರದಂಗಡಿಯ ಮುದುಕರಿಗೆ ಕಾರು ಬಡಿಯಿತು; ಆಸ್ಪತ್ರೆಗೆ ತಲುಪುವ ಮೊದಲೇ ಅವರು ತೀರಿಕೊಂಡರು.

ಅಜಾಗರೂಕತೆಯಿಂದ ಸಾವಿಗೆ ಕಾರಣರಾದರೆಂದು ಪೊಲೀಸರು ಇಬ್ಬರ ಮೇಲೂ ಕೇಸು ಹಾಕಿದರು. ಕಾರಿನ ಬ್ರೇಕುಗಳೆಲ್ಲ ಸರಿಯಾಗಿದ್ದವು ಎಂದು ಪರೀಕ್ಷಿಸಿದ ಇನ್ಸ್‌ಪೆಕ್ಟರ್ ಬರೆದುಕೊಟ್ಟರು. ಹಾಗಾದರೆ ಮೇಷ್ಟ್ರ ಕಾಲು ಎಲ್ಲಿತ್ತು? ಊರಿಗೆ ಊರೇ ಉತ್ತರ ಬಲ್ಲದು, ಊರಿಗೆ ಊರೇ ಬಾಯಿಗೆ ಬೀಗ ಹಾಕಿಕೊಂಡಿತು. ಪೊಲೀಸರು ಕೇಳಿದಾಗ ತರಕಾರಿಯವನಿಂದ ಹಿಡಿದು ಬ್ಯಾಂಕಿನ ಮ್ಯಾನೇಜರ್‌ವರೆಗೆ ಎಲ್ಲರೂ, "ಮೇಷ್ಟ್ರಂಥ ಜಾಗರೂಕರು ಇನ್ನೊಬ್ಬರಿಲ್ಲ" ಎಂದರು. ಪ್ರೀತಿಯಿಂದಲೇ ಹೇಳಿದರು.

ಎಲ್ಲರಿಗಿಂತ ಮುಂದೆ ಹೋದವಳು ನರ್ಸಮ್ಮ. "ಮೇಷ್ಟ್ರು ಅವರ ಬ್ರೇಕ್ ಒತ್ತಿದ್ರು. ನಾನೇ ಆಕ್ಸಿಲರೇಟರ್ ತುಳಿದುಬಿಟ್ಟೆ, ಅದಕ್ಕೇ ಕಾರು ನಿಲ್ಲಲಿಲ್ಲ" ಎಂದು ಹೇಳಿಕೆ ಕೊಟ್ಟಳು.

ಅದನ್ನು ಓದಿ ಮೇಷ್ಟ್ರ ವಕೀಲರಿಗೆ ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು. ಆ ವಕೀಲರೂ ಮೇಷ್ಟ್ರ ಶಿಷ್ಯರೇ.

"ಮೇಷ್ಟ್ರೇ, ನೀವು ಬಚಾವ್. ನೀವು ಬ್ರೇಕ್ ಒತ್ತಿದ್ರಿ, ಆಯಮ್ಮ ಆಕ್ಸಿಲರೇಟರ್ ತುಳಿದ್ರು, ಮುದುಕರು ಏಕಾಏಕಿ ಅಡ್ಡ ಓಡಿ ಬಂದ್ರು. ಮುಗೀತು ಕಥೆ."

"ಅವರು ಓಡಿ ಬರಲಿಲ್ಲಪ್ಪ. ನನ್ನ ಕಾಲೂ..."

"ನಿಮ್ಮ ಕಾಲಿನ ವಿಷ್ಯ ನಾನು ಮರೆತಿದ್ದೀನಿ, ನೀವೂ ಮರೀರಿ. ನನಗೂ ಮಡಚಿದ್ರಲ್ಲ, ನನಗೆ ಗೊತ್ತಿಲ್ವಾ? ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು. ಬಾಯಿ ಬಿಟ್ರೆ ಎರಡು ವರ್ಷ ಜೈಲು, ಸ್ಕೂಲಿಗೆ ಶಾಶ್ವತ ಬೀಗ."

"ಮತ್ತೆ ನರ್ಸಮ್ಮ?"

ವಕೀಲರು ಫೈಲಿನ ದಾರ ಕಟ್ಟತೊಡಗಿದರು. "ಅವರಿಗೆ ಅವರ ವಕೀಲರಿದ್ದಾರೆ."

ಆಗ ಮೇಷ್ಟ್ರಿಗೆ ಪೂರ್ತಿ ಅರ್ಥವಾಯಿತು. ತನ್ನನ್ನು ಉಳಿಸಲು ಆಕೆ ಆಡಿದ ಸುಳ್ಳೇ ಆಕೆಯ ಕುತ್ತಿಗೆಗೆ ಬರಲಿದೆ. ಪಕ್ಕದವರು ಬ್ರೇಕ್ ಒತ್ತಿದರೂ ನಿಲ್ಲದ ಹಾಗೆ ತುಳಿದವಳೆಂದರೆ ಅವಳೆಷ್ಟು ಬೇಜವಾಬ್ದಾರಿಯವಳಿರಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಆಸ್ಪತ್ರೆ ಆಗಲೇ ಆಕೆಯನ್ನು ಕೆಲಸದಿಂದ ಅಮಾನತು ಮಾಡಿತ್ತು. ಜೈಲು ಶಿಕ್ಷೆಯಾದರೆ ನರ್ಸಿನ ಕೆಲಸ ಜನ್ಮಕ್ಕೇ ಹೋದಂತೆ.

ಕೋರ್ಟಿನ ಮೆಟ್ಟಿಲಲ್ಲಿ ಆಕೆಯನ್ನು ಹಿಡಿದು ಕೇಳಿದರು. "ಯಾಕಮ್ಮ ಸುಳ್ಳು ಹೇಳಿದ್ರಿ?"

"ತುಳಿದಿದ್ದು ನನ್ನ ಕಾಲು ತಾನೇ ಮೇಷ್ಟ್ರೇ? ನನ್ನ ಜೊತೆ ನಿಮ್ಮನ್ನೂ ಯಾಕೆ ಮುಳುಗಿಸಲಿ?" ಎಂದಳು ಆಕೆ. ಮೇಷ್ಟ್ರಿಗೆ ಬೈಯಬೇಕೆನಿಸಿತು. ಮೊದಲ ಸಲ ಶಿಷ್ಯರೊಬ್ಬರನ್ನು ಬೈಯಲು ಬಾಯಿ ಬರಲಿಲ್ಲ.

ಮನೆಯಲ್ಲಿ ಹೆಂಡತಿ ಒಂದು ವಿಷಯ ಗಮನಿಸಿದ್ದಳು. ಕುರ್ಚಿ ಸಿಕ್ಕರೆ ಕಾಲು ಮೇಲೆ ಹಾಕಿಕೊಂಡೇ ಕೂರುತ್ತಿದ್ದ ಗಂಡ ಈಗ ಎರಡೂ ಪಾದ ನೆಲಕ್ಕೆ ಒತ್ತಿಕೊಂಡು ಕೂರುತ್ತಾನೆ, ಕಾಫಿ ಕುಡಿಯುವಾಗಲೂ. ಅವಳು ಹೊಲಿಗೆ ಮಿಷನ್ ನಿಲ್ಲಿಸಿ ಹೇಳಿದಳು.

"ಹೇಳಿಬಿಡ್ತೀರಿ ಅಂತ ನನಗೆ ಗೊತ್ತು. ನೀವು ಜೈಲಿಗೆ ಹೋದ್ರೆ ಹೋದವರು ಎದ್ದು ಬರ್ತಾರಾ?"

"ಬರಲ್ಲ."

"ಮತ್ತೆ ಯಾಕೆ ನಮ್ಮ ಕಾಲ ಮೇಲೆ ನಾವೇ ಕಲ್ಲು ಹಾಕ್ಕೋಬೇಕು?"

ಮೇಷ್ಟ್ರಿಗೂ ಜೈಲೆಂದರೆ ಭಯವೇ. ಐವತ್ತೆಂಟು ವರ್ಷ, ಸಕ್ಕರೆ ಕಾಯಿಲೆ, ಒಂದು ದಿನವೂ ದಿಂಬಿಲ್ಲದೆ ಮಲಗಿದವರಲ್ಲ. ಇನ್ನೂ ಎರಡು ತಿಂಗಳು ಅವರು ಸುಮ್ಮನೇ ಇದ್ದರು. ಆ ಎರಡು ತಿಂಗಳ ಬಗ್ಗೆ ಅವರಿಗೆ ಇವತ್ತಿಗೂ ನಾಚಿಕೆಯಿದೆ.

ಗಡಿಯಾರದ ಮುದುಕರ ಮಗಳು ಪ್ರತಿ ಹಿಯರಿಂಗಿಗೂ ಬರುತ್ತಿದ್ದಳು. ಪುಸ್ತಕಗಳಿಗೆ ರಟ್ಟು ಹಾಕುವ ಕೆಲಸದವಳು, ಉಗುರಿನ ಸುತ್ತ ಯಾವಾಗಲೂ ಒಣಗಿದ ಅಂಟು. ಹಿಂದಿನ ಬೆಂಚಿನಲ್ಲಿ ಕೊನೆಯವರೆಗೂ ಕೂತು ಎದ್ದು ಹೋಗುತ್ತಿದ್ದಳು. ಒಂದು ದಿನ ಮೇಷ್ಟ್ರ ವಕೀಲರು ಸಾಕ್ಷಿಯ ಬಾಯಲ್ಲಿ "ಮುದುಕರು ಅಡ್ಡ ಓಡಿದರು" ಎಂದು ಹೇಳಿಸಿದಾಗ ಮಾತ್ರ ಎದ್ದು ನಿಂತಳು.

"ನಮ್ಮಪ್ಪ ಓಡಲ್ಲ ಸ್ವಾಮಿ. ಮಂಡಿ ನೋವಿತ್ತು. ಸತ್ತವರು ಎದ್ದು ಬಂದು ಇಲ್ಲ ಅನ್ನಲ್ಲ ಅಂತ ಹೀಗೆ ಹೇಳಬೇಡಿ."

ನ್ಯಾಯಾಧೀಶರು ಮೆತ್ತಗೆ, "ಕೂತ್ಕೊಳ್ಳಮ್ಮ" ಎಂದರು. ಅವಳು ಕೂತಳು. ಮೇಷ್ಟ್ರಿಗೆ ಅವತ್ತು ಊಟ ಸೇರಲಿಲ್ಲ.

ಆರೋಪಿಗಳನ್ನೇ ಕೇಳುವ ದಿನ ಬಂತು. ಬೆಳಿಗ್ಗೆ ಮೇಷ್ಟ್ರು ಹೊರಡುವಾಗ ಬಾಗಿಲ ಬಳಿ ಒಂದು ಕೈಚೀಲವಿತ್ತು. ಎರಡು ಜೊತೆ ಬಟ್ಟೆ, ಸಕ್ಕರೆ ಕಾಯಿಲೆಯ ಮಾತ್ರೆ, ಟವೆಲ್ಲು. ಹೆಂಡತಿ ಅವರ ಮುಖ ನೋಡದೆ, "ಇವತ್ತಲ್ಲದಿದ್ರೂ ಬೇಕಾಗತ್ತೆ. ಹೇಳೋದಾದ್ರೆ ತಡವರಿಸದೆ ಹೇಳಿ" ಎಂದಳು.

ನ್ಯಾಯಾಧೀಶರು ಕೇಳಿದರು, "ನೀವೇನಾದರೂ ಹೇಳುವುದಿದೆಯಾ?" ವಕೀಲರು ಬರೆದುಕೊಟ್ಟ ಚೀಟಿ ಮೇಷ್ಟ್ರ ಕಿಸೆಯಲ್ಲಿತ್ತು. ಅವರು ಅದನ್ನು ತೆಗೆಯಲಿಲ್ಲ.

"ನಾನು ಬ್ರೇಕ್ ಒತ್ತಲಿಲ್ಲ ಸ್ವಾಮಿ. ನನ್ನ ಕಾಲು ಕೆಳಗೇ ಇರಲಿಲ್ಲ, ಸೀಟಿನ ಮೇಲೆ ಮಡಚಿಕೊಂಡು ಕೂತಿದ್ದೆ. ಧೈರ್ಯ ಬರಲಿ ಅಂತ ಎಲ್ಲರಿಗೂ ಹಾಗೇ ಮಾಡ್ತಿದ್ದೆ. ಕಲಿಯೋರು ತಪ್ಪು ಪೆಡಲ್ ತುಳಿಯೋದು ಸಹಜ, ಅದಕ್ಕೇ ನನ್ನನ್ನ ಪಕ್ಕದಲ್ಲಿ ಕೂರಿಸಿರೋದು. ಆಯಮ್ಮ ನನ್ನ ಉಳಿಸೋಕೆ ಸುಳ್ಳು ಹೇಳಿದ್ರು."

ವಕೀಲರು ತಲೆಯ ಮೇಲೆ ಕೈ ಹೊತ್ತು ಕೂತರು. ಮೇಷ್ಟ್ರು ಹಿಂದಿನ ಬೆಂಚಿನ ಕಡೆ ತಿರುಗಿದರು.

"ಇನ್ನೊಂದು. ಆ ಹಿರಿಯರು ಓಡಲಿಲ್ಲ. ದಾಟೋಕೆ ಬಂದವರು ನಮ್ಮ ಕಾರಿನ ಮೇಲಿದ್ದ 'ಕಲಿಯುವವರು' ಅನ್ನೋ ಬೋರ್ಡು ನೋಡಿ ಹಿಂದೆ ಸರಿದು ನಿಂತ್ರು. ನಕ್ಕರು. ನೀವು ಮೊದಲು ಹೋಗಿ ಅಂತ ಕೈ ಸನ್ನೆ ಮಾಡಿದ್ರು."

ವಾರದ ಮೇಲೆ ತೀರ್ಪು ಬಂತು. ನರ್ಸಮ್ಮನಿಗೆ ದಂಡ ಹಾಕಿ ಬಿಟ್ಟರು. ಮೇಷ್ಟ್ರಿಗೆ ಒಂದೂವರೆ ವರ್ಷ ಜೈಲು, ಇನ್ನು ಮುಂದೆ ಕಲಿಸುವಂತಿಲ್ಲ. ನರ್ಸಮ್ಮ ಗೋಡೆಗೆ ಮುಖ ಮಾಡಿ ಅತ್ತಳು. ಕೈಚೀಲ ಹಿಡಿದ ಮೇಷ್ಟ್ರನ್ನು ಪೊಲೀಸಪ್ಪ ತೋಳು ಹಿಡಿದು ಹೊರಗೆ ಕರೆತಂದ. ವ್ಯಾನಿನ ಪಕ್ಕದಲ್ಲಿ ಗಡಿಯಾರದ ಮುದುಕರ ಮಗಳು ನಿಂತಿದ್ದಳು.

ಬೈಗುಳವೋ ಏಟೋ, ಏನು ಬಂದರೂ ಸರಿ ಎಂದು ಮೇಷ್ಟ್ರು ತಲೆ ತಗ್ಗಿಸಿದರು.

"ಅಪ್ಪ ಕೈ ಸನ್ನೆ ಮಾಡಿದ್ರು ಅಂದ್ರಲ್ಲ, ಹೇಗೆ ಮಾಡಿದ್ರು? ತೋರಿಸಿ" ಎಂದಳು ಅವಳು.

ಮೇಷ್ಟ್ರು ಚೀಲವನ್ನು ನೆಲಕ್ಕಿಟ್ಟರು. ಬಲಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ, ಅಂಗೈ ಬಿಚ್ಚಿ, ಮನೆಗೆ ಬಂದವರನ್ನು ಒಳಗೆ ಕರೆಯುವ ಹಾಗೆ ನಿಧಾನವಾಗಿ ಪಕ್ಕಕ್ಕೆ ಸರಿಸಿ ತೋರಿಸಿದರು.

ಅವಳು ಕಣ್ಣು ಮಿಟುಕಿಸದೆ ನೋಡಿದಳು. ಪೊಲೀಸಪ್ಪ ವ್ಯಾನಿನ ಬಾಗಿಲು ತೆಗೆದು ಕಾಯುತ್ತಿದ್ದ.

"ಇನ್ನೊಂದ್ಸಲ" ಎಂದಳು.