ಡಾಕ್ಟರಮ್ಮ ಆಲಿಸಿದ ಗೊರಕೆ

ಬಿ.ಪಿ. ತೋರಿಸಲು ಕಂಪ್ಲಿ ಬಳಿಯ ನಮ್ಮೂರ ಆರೋಗ್ಯ ಕೇಂದ್ರಕ್ಕೆ ಬಂದಿದ್ದ ನಮ್ಮ ಯಜಮಾನರು ಬೆಂಚಿನ ಮೇಲೆ ಕುಳಿತಲ್ಲೇ ಜೋರಾಗಿ ಗೊರಕೆ ಹೊಡೆಯತೊಡಗಿದರು. ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾಚಿಕೆಯಾಗಿ ನಾನು ಅವರನ್ನು ಚಿವುಟಲು ಹೋದಾಗ, ಒಳಗಿನಿಂದ ಬಂದ ಡಾಕ್ಟರಮ್ಮ ನನ್ನ ಕೈ ಹಿಡಿದರು.

“ಎಬ್ಬಿಸಬ್ಯಾಡ್ರಿ. ಸ್ವಲ್ಪ ಅವರ ಉಸಿರು ನೋಡ್ರಿ.”

ಗೊರಕೆ ಥಟ್ಟನೆ ನಿಂತಿತು. ಎದೆ ಏರಿಳಿಯುತ್ತಿದ್ದರೂ ಉಸಿರಾಟವೇ ಇರಲಿಲ್ಲ. ಕೊನೆಗೆ ಅವರು ಬೆಚ್ಚಿಬಿದ್ದು ಗಾಳಿ ಎಳೆದುಕೊಂಡರು. ಕತ್ತು ದಪ್ಪವಿದ್ದವರಿಗೆ ಹೀಗೆ ಉಸಿರು ಕಟ್ಟುವುದು ಹೆಚ್ಚು ಎನ್ನುತ್ತ ಡಾಕ್ಟರಮ್ಮ ಟೇಪು ತಂದು ಅವರ ಕತ್ತು ಅಳೆದು, ಏನು ಕೆಲಸ ಎಂದು ಕೇಳಿದರು.

“ತೋರಣಗಲ್ಲಿನ ಉಕ್ಕಿನ ಫ್ಯಾಕ್ಟರಿಗೆ ಶಿಫ್ಟಿನವರ ಬಸ್ ಓಡಸ್ತೀನ್ರಿ” ಎಂದರು ಇವರು, ಮೆಲ್ಲಗೆ.

ಡಾಕ್ಟರಮ್ಮ ಅಂದೇ ಸ್ಟೇರಿಂಗ್ ಬಿಡಿಸಿ, ನಿದ್ರೆಯ ಪರೀಕ್ಷೆಗೆ ಹೊಸಪೇಟೆಗೆ ಕಳಿಸಿದರು. ಮಲಗಿದಾಗ ಗಂಟಲು ಮುಚ್ಚಿಕೊಂಡು ಉಸಿರು ಕಟ್ಟುವ ಕಾಯಿಲೆ ಎಂದು ಖಚಿತವಾಯಿತು. ನಿದ್ರೆಯಲ್ಲಿ ಮೂಗಿಗೆ ಗಾಳಿ ಊದುವ ಯಂತ್ರ ಬಂತು. ಎರಡು ತಿಂಗಳ ಮೇಲೆ, ಡಾಕ್ಟರಮ್ಮ ಒಪ್ಪಿದ ಬಳಿಕ, ಇವರು ಮತ್ತೆ ಬಸ್ ಹತ್ತಿದರು.

ಮೊದಲೆಲ್ಲ ತಟ್ಟೆಯ ಮುಂದೆಯೇ ತೂಕಡಿಸುತ್ತಿದ್ದವರು ಈಗ ಊಟ ಮುಗಿದರೂ ಏಳದೆ, ಬಸ್ಸಿನವರ ಕಥೆ ಹೇಳಿ ಮಕ್ಕಳನ್ನು ನಗಿಸುತ್ತಾರೆ. ನಮ್ಮ ಯಜಮಾನರು ಇಷ್ಟು ಮಾತಿನ ಮನುಷ್ಯ ಎಂಬುದು ಮದುವೆಯಾಗಿ ಹದಿನೆಂಟು ವರ್ಷದ ಮೇಲೆ ನನಗೆ ಗೊತ್ತಾಗಿದೆ.