ಎದುರು ಕಲ್ಲಿನಿಂದ ಅಳೆದ ನಕ್ಷತ್ರ

ಒಂದನ್ನೊಂದು ಸುತ್ತುವ ಎರಡು ನಕ್ಷತ್ರಗಳ ದಾರಿಯನ್ನು ಲೆಕ್ಕ ಹಾಕಿ ತೆಗೆಯುವುದು ನನ್ನ ಸಂಶೋಧನೆಯ ವಿಷಯ. ಅರವತ್ತರ ದಶಕ. ಶಿವಮೊಗ್ಗದಲ್ಲಿ ಹುಡುಗಿಯರಿಗೆ ಗಣಿತ ಪಾಠ ಮಾಡುತ್ತಿದ್ದೆ. ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ ಭದ್ರಾವತಿಗೆ ಹೋಗಿ, ಕಾರ್ಖಾನೆಯೊಂದರ ಆಫೀಸಿನಲ್ಲಿದ್ದ, ಕೈಯಲ್ಲಿ ತಿರುಗಿಸುವ ಲೆಕ್ಕದ ಯಂತ್ರದ ಮುಂದೆ ಕೂರುತ್ತಿದ್ದೆ. ಒಂದು ಉತ್ತರ ಊಹಿಸುವುದು, ಅದನ್ನೇ ಸಮೀಕರಣಕ್ಕೆ ಹಾಕಿ ತಿದ್ದುವುದು, ತಿದ್ದಿದ್ದನ್ನು ಮತ್ತೆ ಹಾಕುವುದು. ಅಂಕಿ ಅಲುಗಾಡುವುದು ನಿಲ್ಲುವ ತನಕ ಹಿಡಿ ತಿರುಗಿಸಬೇಕು. ವಾಪಸು ಬರುವಾಗ ಮಲವಗೊಪ್ಪದ ಹತ್ತಿರ ಕಂಡಕ್ಟರು ಟಿಕೆಟ್ ಕೇಳಿದರೆ ಬಲಗೈ ಏಳುತ್ತಿರಲಿಲ್ಲ.

ಇಷ್ಟು ಮಾಡಿದರೂ ದಾರಿ ಕೂಡಿಬರಲಿಲ್ಲ. ಒಂದು ನಕ್ಷತ್ರದಿಂದ ನೋಡಿದರೆ ಇನ್ನೊಂದು ಯಾವ ಕೋನದಲ್ಲಿದೆ ಎಂದು ಹಿಂದಿನವರು ಅಳೆದಿಟ್ಟದ್ದರಲ್ಲಿ ಹಳೆಯ ಐದು ಅಳತೆಗಳು ನಕ್ಷೆಯಲ್ಲಿ ಎದುರು ದಿಕ್ಕಿಗೆ ಹೋಗಿ ಕೂರುತ್ತಿದ್ದವು. ಅವನ್ನೂ ಸೇರಿಸಿಕೊಳ್ಳಲು ಹೋಗಿ ನಾನು ಎಳೆದ ದೀರ್ಘವೃತ್ತ ಹುರುಳಿಕಾಯಿಯಷ್ಟು ತೆಳ್ಳಗಾಗಿತ್ತು. ಮೈಸೂರಿನ ಗೈಡ್ ಕಾಗದ ಬರೆದರು: ಈ ವರ್ಷ ಕೋನ ಎಷ್ಟಿರುತ್ತದೆಂದು ಮೊದಲೇ ಹೇಳಿ, ದೂರದರ್ಶಕದಲ್ಲಿ ಅಳೆಸಿ ನೋಡುತ್ತೇನೆ, ತಪ್ಪಿದರೆ ಈ ವಿಷಯ ಬಿಟ್ಟುಬಿಡಿ. ಮೂರು ವರ್ಷದ ದುಡಿಮೆಯನ್ನು ಬಿಟ್ಟುಬಿಡಬೇಕಂತೆ! ನನಗೆ ಮೈಯೆಲ್ಲ ಉರಿದುಹೋಯಿತು.

ಅಪ್ಪ ಸರ್ವೆ ಇಲಾಖೆಯಲ್ಲಿದ್ದು ನಿವೃತ್ತರಾದವರು. ದುರ್ಗಿಗುಡಿಯ ಮನೆಯಲ್ಲಿ ಕಾಫಿ ಕುಡಿಯುತ್ತ ನನ್ನ ನಕ್ಷೆಯನ್ನು ಎಳೆದುಕೊಂಡು ನೋಡಿದರು. ಎರಡೂ ನಕ್ಷತ್ರ ಒಂದೇ ಥರ ಇವೆಯೇನು ಎಂದು ಕೇಳಿದರು. ಹೌದು, ಬೆಳಕಿನಲ್ಲಿ ಒಂಚೂರೂ ವ್ಯತ್ಯಾಸವಿಲ್ಲ ಎಂದೆ.

"ಹಂಗಾದ್ರೆ ಇದನ್ನ ಅಳ್ದೋನು ಯಾವ್ದು ಯಾವ್ದು ಅಂತ ತಿಳೀದೆ ಎದುರು ಕಲ್ಲಲ್ಲಿ ನಿಂತು ನೋಡಿದಾನೆ ಮಾರಾಯ್ತಿ," ಎಂದರು. "ಈ ಕಲ್ಲಿಂದ ಆ ಕಲ್ಲು ನೋಡೋ ಬದ್ಲು ಆ ಕಲ್ಲಿಂದ ಈ ಕಲ್ಲು. ನೂರ ಎಂಬತ್ತು ಡಿಗ್ರಿ ಕಳಿ."

ಎಂ.ಎಸ್ಸಿ. ಓದಿದ ನನ್ನ ತಲೆಗೆ ಇಷ್ಟು ಹೊಳೆದಿರಲಿಲ್ಲ. ನಾಚಿಕೆಯೂ ಆಯಿತು, ಕುಣಿಯೋಣ ಅಂತಲೂ ಅನ್ನಿಸಿತು. ಐದೂ ಚುಕ್ಕಿಗಳನ್ನು ತಿರುಗಿಸಿಟ್ಟೆ. ಎರಡು ಶನಿವಾರ ಹಿಡಿ ತಿರುಗಿಸಿದ ಮೇಲೆ ಎಲ್ಲವೂ ಒಂದೇ ಗೆರೆಯ ಆಸುಪಾಸಿಗೆ ಬಂದವು. ಈ ವರ್ಷದ ಕೋನ ಇನ್ನೂರ ಹದಿನಾಲ್ಕು ಡಿಗ್ರಿ ಎಂದು ಬರೆದು ಗೈಡ್‌ಗೆ ರಿಜಿಸ್ಟರ್ ಟಪಾಲಿನಲ್ಲಿ ಕಳಿಸಿದೆ.

ನಾಲ್ಕು ತಿಂಗಳು ಉತ್ತರವಿಲ್ಲ. ನಿದ್ದೆಯಿಲ್ಲ, ಊಟ ರುಚಿಸುತ್ತಿರಲಿಲ್ಲ, ಕ್ಲಾಸಿನಲ್ಲಿ ಹುಡುಗಿಯರ ಮೇಲೆ ಸುಮ್ಮಸುಮ್ಮನೆ ರೇಗುತ್ತಿದ್ದೆ. ಕೊನೆಗೆ ಗೈಡ್ ಅವರ ಕಾರ್ಡು ಬಂತು. ಅಳೆದಾಗ ಸಿಕ್ಕಿದ್ದು ಇನ್ನೂರ ಹದಿಮೂರೂವರೆ. ಪ್ರಬಂಧ ಬರೆಯಲು ಶುರು ಮಾಡಿ. ಬಾಗಿಲಲ್ಲೇ ನಿಂತು ಮೂರು ಸಲ ಓದಿದೆ. ಅಡುಗೆಮನೆಯಲ್ಲಿದ್ದ ಅಮ್ಮನಿಗೆ ಕೇಳುವಂತೆ ಗೆದ್ದೆ ಎಂದು ಕೂಗಿದೆ. ಅಪ್ಪ ಕಾರ್ಡು ಕಿತ್ತುಕೊಂಡು, ಕೋಟು ಹಾಕಿಕೊಂಡು ಬೀದಿಗೆ ಇಳಿದರು. ಮೂಲೆಯ ಅಂಗಡಿಯವರಿಗೆ ಅವರು ಹೇಳುತ್ತಿದ್ದದ್ದು ನನಗೆ ಕಿಟಕಿಯಲ್ಲಿ ಕೇಳಿಸಿತು.

"ಮೂವತ್ತು ವರ್ಷ ಸರ್ವೆ ಮಾಡಿದೀನಿ ಸ್ವಾಮಿ. ನನ್ನ ಮಗಳು ಅಳ್ದಷ್ಟು ದೂರ ನಾನು ಅಳ್ದಿಲ್ಲ."